ಹದಿಮೂರರ ಮಗ್ಗಿ

ಮರಿಗಳು ಹಾರಿಹೋದ ಮೇಲೆ ಗೀಜಗವೊಂದು, ಅರ್ಧಕ್ಕೆ ಬಿಟ್ಟಿದ್ದ ಲೆಕ್ಕ ಕಲಿಯಲು ಆಲದ ಮರದಡಿಯ ಶಾಲೆಗೆ ಬಂತು.

ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ ಗಿಳಿ, "ಹದಿಮೂರರ ಮಗ್ಗಿ ಹೇಳು" ಎಂದಿತು. ಗೀಜಗ 'ಹದಿಮೂರೇಳ್ಲಿ' ಎನ್ನುವಲ್ಲಿ ನಿಂತುಬಿಟ್ಟಿತು.

"ಕೆಳಗಿನ ತರಗತಿ. ಒಂದು ವರ್ಷ ಹುಣಸೆಬೀಜ ಎಣಿಸು."

ಮೂರು ದಿನ ಎಣಿಸಿದ ಗೀಜಗ ನಾಲ್ಕನೆಯ ದಿನ ಬರಲಿಲ್ಲ.

ಮರಕ್ಕೆ ಒರಗಿದ್ದ ಹಳೆಯ ಸ್ಲೇಟು ಗಿಳಿಗೆ ಹೇಳಿತು: "ನಿನ್ನ ಜಾಗದಲ್ಲಿ ಮೊದಲು ಆಮೆ ಮೇಷ್ಟರು ಕೂರುತ್ತಿದ್ದರು. ಯಾರೇ ಬರಲಿ, 'ನಿನ್ನೆಯವರೆಗೆ ಏನು ಮಾಡಿಕೊಂಡಿದ್ದೆಯಪ್ಪ?' ಎಂದು ಕೇಳಿ, ಅದನ್ನು ಹೋಗಿ ನೋಡಿಕೊಂಡು ಬಂದೇ ತರಗತಿ ಹೇಳುತ್ತಿದ್ದರು. ಎಡವಿದವರ ಪಕ್ಕ ತಾವೇ ಕೂತು ಹೇಳಿಕೊಡುತ್ತಿದ್ದರು. ಆಗೆಲ್ಲ ನನ್ನ ಮೈಮೇಲೆ ಬರೆಯಲು ಜಾಗವೇ ಉಳಿಯುತ್ತಿರಲಿಲ್ಲ."

"ಅವರಿಗೆ ಪುರುಸೊತ್ತಿತ್ತು" ಎಂದಿತು ಗಿಳಿ.

"ಅವರು ನಡೆದು ಹೋಗುತ್ತಿದ್ದರು. ನಿನಗೆ ರೆಕ್ಕೆಯಿದೆ."

ಗಿಳಿ ಹಾರಿಹೋಗಿ, ಬಾವಿಯ ಮೇಲೆ ತೂಗುತ್ತಿದ್ದ ಗೀಜಗನ ಗೂಡನ್ನು ನೋಡಿತು. ಒಂದೊಂದು ಎಳೆಯೂ ಅಳೆದು ನೇಯ್ದಂತಿತ್ತು. ಗಂಟುಗಳನ್ನು ಎಣಿಸಲು ಹೋಗಿ ಗಿಳಿಗೇ ಎರಡು ಸಲ ಲೆಕ್ಕ ತಪ್ಪಿತು. "ತಪ್ಪಾಯಿತು. ನಾಳೆ ಮೇಲಿನ ತರಗತಿಗೆ ಬಾ" ಎಂದು ಗೀಜಗಕ್ಕೆ ಹೇಳಿ ಬಂತು.

ಮರುದಿನ ಗೀಜಗ ಮತ್ತೆ 'ಹದಿಮೂರೇಳ್ಲಿ' ಎನ್ನುವಲ್ಲಿ ನಿಂತಾಗ, ಗಿಳಿ ಮೆಲ್ಲಗೆ ಬಂದು ಅದರ ಪಕ್ಕ ಕೂತಿತು. ಅದನ್ನು ನೋಡುತ್ತಿದ್ದ ಸ್ಲೇಟಿಗೆ, ಮೇಷ್ಟರು ಎಲ್ಲಿಗೂ ಹೋಗಿಲ್ಲ ಎನ್ನಿಸಿತು.