ಮಳೆಗಾಲದಲ್ಲಿ ಕಾಡುಹುಂಜದ ಕತ್ತು ಕಪ್ಪಗಾಗುವುದೇಕೆ

ಹೊಳೆಗಳಿಗೆ ಇನ್ನೂ ದಾರಿ ಗಟ್ಟಿಯಾಗಿರದ ಕಾಲ. ಕಾವೇರಿ ಒಂದು ದಿನ ಬಂಡೆಯ ಈ ಕಡೆ ಹರಿದರೆ ಮರುದಿನ ಆ ಕಡೆ. ಗಾಳಿ, ಮಳೆ, ಹಕ್ಕಿ, ಹುಳ ಎಲ್ಲರೂ ಮಾತಾಡುತ್ತಿದ್ದರು. ಮೀನು ಮಾತ್ರ ಇಲ್ಲ. ಬಾಯಿ ತುಂಬ ನೀರಿಟ್ಟುಕೊಂಡವರು ಮಾತಾಡುವುದು ಹೇಗೆ, ನೀನೇ ಹೇಳು?

ಆ ಹೊಳೆಯ ದಂಡೆಯಲ್ಲಿ ಮೀನು ಹಿಡಿಯುವ ಮುದ್ದೀರಮ್ಮ ಇದ್ದಳು. ಅವಳ ಮಗಳು ಕೆಂಪಿ ಹೆತ್ತು ಮೂರು ದಿನವಾಗಿತ್ತು. ಕೆಂಪಿಯ ಎದೆಯಲ್ಲಿ ಹಾಲಿಲ್ಲ. ಕೂಸು ಅತ್ತೂ ಅತ್ತೂ ಅದರ ದನಿ ಸಣ್ಣಗಾಗಿತ್ತು. ಬಾಣಂತಿಗೆ ಹೊಳೆಮೀನಿನ ಸಾರು ಕುಡಿಸಿದರೆ ಹಾಲು ಇಳಿಯುತ್ತದೆ ಎಂದು ಮುದ್ದೀರಮ್ಮ ಬಲ್ಲಳು. ಆದರೆ ಆರಿದ್ರಾ ಮಳೆ ಹಿಡಿದು ಹೊಳೆ ಕೆಸರಾಗಿತ್ತು. ಅವಳಿಗಿದ್ದ ಒಂದೇ ಬಲೆಯೂ ಕೊಚ್ಚಿಹೋಗಿತ್ತು.

ಜಾಲಿಮುಳ್ಳನ್ನೇ ಗಾಳ ಮಾಡಿ ಎರೆಹುಳ ಚುಚ್ಚಲು ಹೋದಳು. "ಅವ್ವ, ನಿನ್ನ ರಾಗಿ ಹೊಲ ಮೆತ್ತಗೆ ಮಾಡ್ದೋನು ನಾನೇ ಅಲ್ವ?" ಎಂದಿತು ಎರೆಹುಳ.

ಅವಳಿಗೆ ಕೈ ಬರಲಿಲ್ಲ. "ಹೋಗಪ್ಪ, ಹೋಗು" ಎಂದು ಮಣ್ಣಿಗೆ ಬಿಟ್ಟಳು. "ನಾನು ಗರಿಯಲ್ಲೇ ಒಂದು ಸುಳ್ಳುಹುಳ ಕಟ್ಕೋತೀನಿ."

ಹಕ್ಕಿಗಳನ್ನು ಕೇಳಿದಳು. ಕೊಕ್ಕರೆ ಬೂದುಗರಿ ಕೊಟ್ಟಿತು. ಅದನ್ನು ಮುಳ್ಳಿಗೆ ಸುತ್ತಿ ನಾರಿನಿಂದ ಬಿಗಿದಳು, ಹುಳಕ್ಕೆ ಮೈ ಆಯಿತು. ಗಿಳಿ ಹಸಿರು ಕೊಟ್ಟಿತು, ರೆಕ್ಕೆ ಆಯಿತು. ನವಿಲು ಬಹಳ ಯೋಚಿಸಿ ಒಂದೇ ಒಂದು ಎಳೆ ಕೊಟ್ಟಿತು, ಬೆನ್ನಾಯಿತು. ಯಾರೂ ಮರೆತುಹೋಗಬಾರದೆಂದು ಕೊಟ್ಟವರ ಸರದಿಯಲ್ಲೇ ಗರಿ ಕಟ್ಟಿದಳು.

ಹುಳವನ್ನು ಹೊಳೆಗೆ ಎಸೆದಳು. ಎಳೆದಳು, ಮತ್ತೆ ಎಸೆದಳು. ಒಂದು ಮೀನೂ ಮೂಸಲಿಲ್ಲ.

"ಯಾಕವ್ವ ಹಿಂಗೆ?" ಎಂದು ಹೊಳೆಯನ್ನೇ ಕೇಳಿದಳು.

"ನನ್ನ ನೀರು ಕೆಸರಾಗದೆ ಕಣೆ," ಎಂದಳು ಕಾವೇರಿ. "ಕೆಸರಲ್ಲಿ ಮೈ ಕಾಣಕಿಲ್ಲ. ಹೊಳೆಯೋ ಕಣ್ಣು ಮಾತ್ರ ಕಾಣ್ತದೆ. ನಿನ್ನ ಹುಳಕ್ಕೆ ಕಣ್ಣೆಲ್ಲಿ?"

ಕಣ್ಣಿನಂತೆ ಹೊಳೆಯುವ ಗರಿ ಇಡೀ ಕಾಡಿನಲ್ಲಿ ಒಬ್ಬನ ಹತ್ತಿರ ಮಾತ್ರ ಇತ್ತು. ಅವನೇ ಕಾಡುಹುಂಜ. ಅವನ ಕತ್ತಿನ ಒಂದೊಂದು ಗರಿಯಲ್ಲೂ ಮೇಣದಂಥ ಹೊಂಬಣ್ಣದ ಚುಕ್ಕಿ. ಆಗೆಲ್ಲ ಅದು ವರ್ಷವಿಡೀ ಇರುತ್ತಿತ್ತು. ಬೆಳಗೆದ್ದರೆ ಸಾಕು, ಗುಂಡಿಯ ನೀರಿನಲ್ಲಿ ಕತ್ತು ನೋಡಿಕೊಳ್ಳುವುದೇ ಅವನ ಕೆಲಸ.

"ಹುಂಜಪ್ಪ, ಎರಡೇ ಎರಡು ಗರಿ ಕೊಡು. ನನ್ನ ಮಗಳ ಕೂಸು ಹಸ್ಕೊಂಡದೆ."

"ಏನವ್ವ ನೀನು!" ಹುಂಜ ಹಿಂದೆ ಸರಿದ. "ಕತ್ತಿನ ಗರಿ ಕೊಟ್ಟು ಕೋಳಿಗಳ ಮುಂದೆ ಹೆಂಗೆ ಓಡಾಡ್ಲಿ? ಇದು ಬುಟ್ರೆ ನಂತಾವ ಇನ್ನೇನದೆ?"

ಮುದ್ದೀರಮ್ಮ ಮನಸ್ಸು ಮಾಡಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉರುಳು ಹಾಕಿ ಅವನನ್ನು ಹಿಡಿಯಬಹುದಿತ್ತು. ಆದರೆ ಅವಳು ಅವನ ಮುಖ ನೋಡಿದಳು. ಅಲ್ಲಿ ಜಂಬವಿರಲಿಲ್ಲ, ಹೆದರಿಕೆ ಇತ್ತು. ಅವಳಿಗೆ ಪಾಪ ಅನ್ನಿಸಿತು.

"ಆಗ್ಲಿ ಬುಡಪ್ಪ. ನಿಂಗೂ ಮಾನ ಅಂತ ಒಂದದೆ," ಎಂದು ತಿರುಗಿ ನಡೆದಳು.

ಆಗ ಗುಡಿಸಿಲಿನಿಂದ ಕೂಸಿನ ಅಳು ಬಂತು. ಅದೆಷ್ಟು ಸಣ್ಣ ಅಳುವೆಂದರೆ, ಗಾಳಿ ಅದನ್ನು ಎತ್ತಿಕೊಂಡು ಬರಬೇಕಾಯಿತು. ಹುಂಜ ಕೇಳಿಸಿಕೊಂಡ.

"ಅವ್ವ, ನಿಂತ್ಕೊ."

ಕೊಕ್ಕಿನಿಂದ ಎರಡು ಗರಿ ಕಿತ್ತು ಕೊಟ್ಟ. ಗುಂಡಿಯ ನೀರಿನಲ್ಲಿ ನೋಡಿಕೊಂಡ. ಕತ್ತಿನಲ್ಲಿ ಬೋಳು ಜಾಗ.

"ಎರಡು ಹೋದ್ರೆ, ಯಾರೋ ಕಿತ್ಕೊಂಡ್ರು ಅಂತಾರೆ," ಎಂದ. "ಎಲ್ಲಾ ಹೋದ್ರೆ, ಇವನೇ ಕೊಟ್ಟ ಅಂತಾರೆ." ಹಾಗೆಂದವನೇ ಮೈ ಕೊಡವಿ ಕತ್ತಿನ ಗರಿಯನ್ನೆಲ್ಲ ಉದುರಿಸಿಬಿಟ್ಟ.

ಕೋಳಿಗಳು ನಕ್ಕವು, ಸುಳ್ಳೇಕೆ ಹೇಳಲಿ. ಹುಂಜ ಚಳಿಗೆ ನಡುಗಿದ. ಮುದ್ದೀರಮ್ಮ ತಾನು ಹೊದ್ದ ಕರಿ ಕಂಬಳಿಯ ಅಂಚು ಹರಿದು ಅವನ ಕತ್ತಿಗೆ ಸುತ್ತಿದಳು. "ಬೆಚ್ಚಗಿರು ನನ್ನಪ್ಪ," ಎಂದಳು.

ಆಮೇಲೆ ಹುಳದ ಎರಡೂ ಪಕ್ಕಕ್ಕೆ ಒಂದೊಂದು ಕಣ್ಣು ಕಟ್ಟಿ ನೀರಿಗೆ ಎಸೆದಳು. ಹುಳ ಮುಳುಗುವ ಮೊದಲೇ ಮೀನು ಹಾರಿ ಕಚ್ಚಿತು! ಕೆಂಪಿ ಬಿಸಿ ಸಾರು ಕುಡಿದಳು. ಸಂಜೆಗೆ ಹಾಲು ಇಳಿಯಿತು. ಕೂಸು ಕುಡಿಯುತ್ತ ಕುಡಿಯುತ್ತ ನಿದ್ದೆಹೋಯಿತು. ಮುದ್ದೀರಮ್ಮ ಮಾತ್ರ ಒಲೆಯ ಮುಂದೆ ಕೂತು ಜೋರಾಗಿ ಅತ್ತಳು. ಅಷ್ಟು ಸಂತೋಷ ಅವಳಿಗೆ.

ಇದನ್ನೆಲ್ಲ ನೋಡಿದ ಮಳೆಗೆ ನಾಚಿಕೆಯಾಯಿತು. "ಬಲೆ ಕೊಚ್ಕೊಂಡು ಹೋದೋಳು ನಾನು, ಗರಿ ಕಳ್ಕೊಂಡೋನು ನೀನು," ಎಂದಳು ಹುಂಜನಿಗೆ. "ನಾನು ಹೋಗೋ ಹೊತ್ಗೆ ನಿನ್ನ ಗರಿ ಒಂದೂ ಬುಡದೆ ವಾಪಸ್ ಕೊಡ್ತೀನಿ." ಮಾತಿನಂತೆ ದೀಪಾವಳಿಯ ಹೊತ್ತಿಗೆ ಕೊಟ್ಟಳು.

ಮರುವರ್ಷ ಆರಿದ್ರಾ ಮಳೆ ಬಂತು. ಯಾರೂ ಕೇಳಿರಲಿಲ್ಲ. ಆದರೂ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೋ ಎಂದು ಹುಂಜ ತಾನಾಗಿಯೇ ಮೈ ಕೊಡವಿ, ಆ ಕರಿ ಕಂಬಳಿಯ ಅಂಚನ್ನೇ ಮತ್ತೆ ಕತ್ತಿಗೆ ಸುತ್ತಿಕೊಂಡ.

ಈಗಲೂ ಮಳೆಗಾಲದಲ್ಲಿ ಬಿದಿರುಮೆಳೆಯ ಕೆಳಗೆ, ಕತ್ತು ಕಪ್ಪಗಾದ ಕಾಡುಹುಂಜವೊಂದು ಕೂಗದೆ, ತಲೆ ತಗ್ಗಿಸಿ ನೆಲ ಕೆದರುವುದನ್ನು ಕಂಡರೆ ನಗಬೇಡ ಮಗು. ಅವನು ಈ ವರ್ಷದ್ದನ್ನೂ ಕೊಟ್ಟು ಬಂದಿದ್ದಾನೆ.