ಕರಿ ಬಟ್ಟೆಗೆ ಬಿದ್ದ ಅಕ್ಷತೆ

“ಒಂದು ರಬ್ಬರ್ ಉಂಡೆ ಹಿಂಡುವುದಕ್ಕೆ ಸಾವಿರ ರೂಪಾಯಿಯೇ? ದಿನಾ ಎಮ್ಮೆ ಹಿಂಡುವವನೂ ಇಷ್ಟು ಕೇಳುವುದಿಲ್ಲ!”

ಹೊನ್ನಗುಡ್ಡ ಸಂಸ್ಥಾನದ ಭೂಪಾಲ ಅರಸರು ತುಂಬಿದ ಸಭೆಯಲ್ಲಿ ಹೀಗೆ ಗುಡುಗಿದರು. ಅವರದು ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ಮತ್ತೆ ಎಣಿಸುವ ಸ್ವಭಾವ. ಎದುರಿಗೆ ನಿಂತಿದ್ದವನು ಮುಕುಂದರಾಯ. ಅರಸರ ಮಗಳ ಮದುವೆಯ ಫೋಟೋ ತೆಗೆಯಲು ಪಟ್ಟಣದಿಂದ ಬಂದವನು.

ಮುಕುಂದರಾಯ ಮೀಸೆ ತೀಡಿದ. “ಮಹಾಸ್ವಾಮಿ, ಅಡುಗೆಯವರ ಹೋಳಿಗೆ ಹೊಟ್ಟೆಗೆ ಹೋಗುತ್ತದೆ. ಜೋಯಿಸರ ಮಂತ್ರ ಗಾಳಿಗೆ ಹೋಗುತ್ತದೆ. ನೂರು ವರ್ಷ ಉಳಿಯುವುದು ನನ್ನ ಪಟ ಒಂದೇ.”

ಪುರೋಹಿತರಾದ ನರಹರಿ ಜೋಯಿಸರು ಅಲ್ಲೇ ಇದ್ದರು. “ರಾಮ ರಾಮ” ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು.

“ಮೊದಲು ಮದುವೆ ಆಗಲಿ. ದುಡ್ಡಿನ ಮಾತು ಆಮೇಲೆ” ಎಂದರು ಅರಸರು.

ಮದುವೆಯ ದಿನ ಬಂತು. ಮುಹೂರ್ತ ಯಾರಿಗೂ ಕಾಯುವುದಿಲ್ಲ ಎನ್ನುತ್ತಾರೆ ಹಿರಿಯರು. ಅಂದು ಮುಹೂರ್ತವೇ ಮುಕುಂದರಾಯನಿಗಾಗಿ ಕಾಯಬೇಕಾಯಿತು. ಮಂಟಪದ ಬಾಯಿಗೆ ಮೂರು ಕಾಲಿನ ಫೋಟೋ ಪೆಟ್ಟಿಗೆ ನಿಲ್ಲಿಸಿ, ತಲೆಯ ಮೇಲೆ ಕಂಬಳಿಯಷ್ಟು ದೊಡ್ಡ ಕರಿ ಬಟ್ಟೆ ಹೊದ್ದುಕೊಂಡು, ಒಳಗಿನಿಂದಲೇ ಅಪ್ಪಣೆ ಕೊಡತೊಡಗಿದ.

“ಜೋಯಿಸರೇ, ಆ ಹೋಮದ ಹೊಗೆ ಸ್ವಲ್ಪ ಕಡಿಮೆ ಮಾಡಿ!”

“ಹೊಗೆ ನನ್ನ ಮಾತು ಕೇಳುತ್ತದೆಯೇ ರಾಯರೇ?”

“ಅಳಿಯಂದಿರೇ, ತಾಳಿ ಹಾಗೇ ಹಿಡಿದುಕೊಳ್ಳಿ! ಅಲುಗಬೇಡಿ! ಅಯ್ಯೋ, ಅಲುಗಿಬಿಟ್ಟಿರಿ. ಗಂಟು ಬಿಚ್ಚಿ ಇನ್ನೊಂದು ಸಲ ಕಟ್ಟಿ.”

ಜೋಯಿಸರ ತಾಳ್ಮೆ ತಪ್ಪಿತು. “ಇನ್ನೊಂದು ಸಲ ಕಟ್ಟಿದರೆ ಅದು ಎರಡನೆಯ ಸಂಬಂಧ ಆಗುತ್ತದಪ್ಪ!”

ಗಟ್ಟಿಮೇಳ ಮೊಳಗಿತು. ಮುಕುಂದರಾಯ ಪೆಟ್ಟಿಗೆಯ ರಬ್ಬರ್ ಉಂಡೆ ಹಿಂಡಿ ಪಟ ತೆಗೆದ. ನೆಂಟರೆಲ್ಲ ಒಟ್ಟಿಗೆ ಅಕ್ಷತೆ ಎಸೆದರು. ವಧೂವರರ ತಲೆಗೆ ಒಂದು ಕಾಳೂ ತಲುಪಲಿಲ್ಲ. ಅಷ್ಟೂ ಕರಿ ಬಟ್ಟೆಯ ಮೇಲೆ ಬಿತ್ತು.

ಊಟದ ಹೊತ್ತಿಗೆ ಅರಮನೆಯಲ್ಲಿ ಗದ್ದಲ. ಅರಸರ ತಾಯಿ ದೇವೀರಮ್ಮಣ್ಣಿಯವರು ಎಲೆ ಮುಂದೆ ಕೂರಲು ಒಪ್ಪಲಿಲ್ಲ. ಮೊಮ್ಮಗಳಿಗೆ ತಾಳಿ ಕಟ್ಟುವುದನ್ನು ಕಣ್ಣಾರೆ ನೋಡಿ, ಆಮೇಲೇ ಅನ್ನ ಮುಟ್ಟುತ್ತೇನೆಂದು ಮನೆದೇವರಿಗೆ ಹರಕೆ ಹೊತ್ತಿದ್ದರು.

“ಆಯಿತಲ್ಲಮ್ಮ, ತಾಳಿ ಕಟ್ಟಿದರಲ್ಲ!” ಎಂದರು ಅರಸರು.

“ಯಾರು ಕಂಡರು ಮಗಾ? ನನಗೆ ಕಂಡದ್ದು ಒಂದು ಕರಿ ಬಟ್ಟೆ. ಎಂಟು ಮಕ್ಕಳ ತಾಯಾಗು ಅಂತ ಅದಕ್ಕೇ ಅಕ್ಷತೆ ಹಾಕಿ ಬಂದೆ.”

ಇನ್ನು ಉಳಿದ ದಾರಿ ಒಂದೇ, ಪಟ ತೋರಿಸುವುದು. ಅರಸರು ಮುಕುಂದರಾಯನನ್ನು ಕರೆಸಿ, “ಐವತ್ತು ರೂಪಾಯಿ ತೆಗೆದುಕೊಂಡು ತಾಳಿ ಕಟ್ಟುವ ಪಟ ಕೊಡು” ಎಂದರು.

ಅಜ್ಜಿ ಊಟ ಬಿಟ್ಟ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. “ಮೊದಲು ಸಾವಿರ ಎಂದಿದ್ದೆ. ಈಗ ಎರಡು ಸಾವಿರ, ಮಹಾಸ್ವಾಮಿ. ಇಲ್ಲವಾದರೆ ಪಟ ಮೂಡಿದ ಗಾಜಿನ ಹಲಗೆಗಳನ್ನು ಕಟ್ಟಿಕೊಂಡು ಹೊರಟೆ.”

ಅರಸರು ಆಸ್ಥಾನದ ವಿದೂಷಕ ಪುಟ್ಟಶಾಮಯ್ಯನ ಮುಖ ನೋಡಿದರು. ಇಂಥ ಇಕ್ಕಟ್ಟಿಗೆ ಅವನೇ ಮದ್ದು. ಪುಟ್ಟಶಾಮಯ್ಯ ಎಲೆಯಡಿಕೆಯನ್ನು ದವಡೆಗೆ ಸರಿಸಿ, ನಿಧಾನವಾಗಿ ಎದ್ದು ಬಂದ.

“ರಾಯರು ಕೇಳಿದಷ್ಟು ಕೊಟ್ಟುಬಿಡಿ ಬುದ್ಧಿ.”

ಅರಸರು ಬೆವರಿದರು. ಮುಕುಂದರಾಯ ಮತ್ತೆ ಮೀಸೆ ತೀಡಿದ.

“ಆದರೆ ರಾಯರೇ, ಒಂದು ಸಣ್ಣ ಮಾತು. ಹೊರಗೆ ನೆಂಟರೆಲ್ಲ ನಿಂತಿದ್ದಾರೆ. ಗಾಡಿ ಕಟ್ಟಿಕೊಂಡು ಮದುವೆ ನೋಡಲು ಬಂದವರು, ನಿಮ್ಮ ಬೆನ್ನು ನೋಡಿ ಹೊರಟಿದ್ದಾರೆ. ನೀವು ಮರೆಮಾಡಿದ ಮದುವೆಯನ್ನು ನೀವೇ ತೋರಿಸಬೇಕು. ತಲೆಗೊಂದು ಪಟ ಕೊಟ್ಟುಬಿಡಿ. ಹೆಚ್ಚೇನಿಲ್ಲ, ಎಂಟುನೂರು ತಲೆ.”

ಮುಕುಂದರಾಯನ ಕೈ ಮೀಸೆಯಿಂದ ಜಾರಿತು. “ಎಂಟುನೂರೇ! ಸ್ವಾಮೀ, ಅದು ಹೋಳಿಗೆ ಎಂದುಕೊಂಡಿರಾ? ಗಾಜು, ಕಾಗದ, ಪಟ ತೊಳೆಯುವ ಔಷಧಿ ಎಲ್ಲ ಹಡಗಿನಲ್ಲಿ ಬರಬೇಕು. ಗಾಳಿಯಾಡದ ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದನ್ನೇ ತೊಳೆಯಬೇಕು. ಚೂರು ಬೆಳಕು ಬಿದ್ದರೆ ಎಲ್ಲ ಮಣ್ಣುಪಾಲು. ಈ ಬೆರಳುಗಳನ್ನು ನೋಡಿ, ಔಷಧಿ ತಾಗಿ ಕಪ್ಪಾಗಿವೆ. ಎಂಟುನೂರು ಮಾಡಿದರೆ ಮನೆ ಮಾರಬೇಕು, ಕಣ್ಣೂ ಹೋಗುತ್ತದೆ!”

“ಕೇಳಿಸಿತೇ ಬುದ್ಧಿ?” ಪುಟ್ಟಶಾಮಯ್ಯ ಅರಸರ ಕಡೆ ತಿರುಗಿದ. “ರಬ್ಬರ್ ಉಂಡೆಯ ಒಳಗೆ ಇಷ್ಟೆಲ್ಲ ಇತ್ತಂತೆ.”

ಪುಟ್ಟಶಾಮಯ್ಯ ಮತ್ತೆ ಮುಕುಂದರಾಯನತ್ತ ತಿರುಗಿದ.

“ರಾಯರೇ, ಹಸಿದ ಮುದುಕಿಯ ಹೊಟ್ಟೆ ನೋಡಿ ಏರಿಸಿದ ಸಾವಿರವನ್ನು ಇಳಿಸಿ. ನೆಂಟರನ್ನು ನಾನು ಸಮಾಧಾನ ಮಾಡುತ್ತೇನೆ. ಆಗಬಹುದೋ?”

“ಆಗಬಹುದು, ಆಗಬಹುದು” ಎಂದ ಮುಕುಂದರಾಯ. ಅರಮನೆಯ ಉಗ್ರಾಣದ ಕಿಟಕಿಗಳನ್ನೆಲ್ಲ ಮುಚ್ಚಿಸಿ ಒಳಗೆ ಹೊಕ್ಕ. ದೀಪ ಹಚ್ಚುವ ಹೊತ್ತಿಗೆ ಒದ್ದೆ ಪಟವೊಂದನ್ನು ಹಿಡಿದು ಹೊರಗೆ ಬಂದ.

ದೇವೀರಮ್ಮಣ್ಣಿಯವರು ದೀಪ ಹತ್ತಿರ ತರಿಸಿ ನೋಡಿದರು. ಅಳಿಯನ ಕೈ, ತಾಳಿ, ತಲೆ ತಗ್ಗಿಸಿದ ಮೊಮ್ಮಗಳು, ಬಾಯಿ ತೆರೆದೇ ನಿಂತುಹೋದ ಜೋಯಿಸರು. ಪಟವನ್ನು ಕಣ್ಣಿಗೊತ್ತಿಕೊಂಡು ಅಜ್ಜಿ ಹೇಳಿದರು:

“ಸದ್ಯ, ಇದರಲ್ಲಿ ಆ ಕರಿ ಬಟ್ಟೆ ಇಲ್ಲ! ಎಲೆ ಹಾಕಿ.”

ಅರಸರು ಸಾವಿರ ರೂಪಾಯಿಯನ್ನು ಎರಡೆರಡು ಸಲ ಎಣಿಸಿ ಕೊಟ್ಟರು. ಆದರೂ ಮನಸ್ಸು ತಡೆಯಲಿಲ್ಲ.

“ಶಾಮಯ್ಯ, ನಿಜ ಹೇಳು. ಔಷಧಿ, ಕಾಗದ, ಕತ್ತಲೆ, ಎಲ್ಲ ಸೇರಿಸಿದರೂ ಐನೂರಾದೀತು. ಮಿಕ್ಕ ಐನೂರು ಯಾವುದಕ್ಕೆ?”

“ಅದು ಜಾಗದ ಬೆಲೆ, ಬುದ್ಧಿ.”

“ಯಾವ ಜಾಗ?”

“ಇಡೀ ಚಪ್ಪರದಲ್ಲಿ ರಾಯರ ಬೆನ್ನು ಕಾಣದ ಜಾಗ ಒಂದೇ ಒಂದಿತ್ತು. ಅಲ್ಲಿ ರಾಯರೇ ನಿಂತಿದ್ದರು!”

ಅರಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ಹೆಗಲ ಮೇಲಿನ ಶಾಲು ತೆಗೆದು ಪುಟ್ಟಶಾಮಯ್ಯನಿಗೆ ಹೊದಿಸಿದರು. ಪುಟ್ಟಶಾಮಯ್ಯ ಅದನ್ನು ಮಡಿಸಿ ನರಹರಿ ಜೋಯಿಸರ ಮಡಿಲಿಗೆ ಹಾಕಿದ.

“ಇದೇಕಯ್ಯ?” ಎಂದರು ಅರಸರು.

“ಪಟದಲ್ಲಿರುವ ಮದುವೆಗೆ ಸಾವಿರ ಸಂದಿತು ಬುದ್ಧಿ. ಮದುವೆ ಮಾಡಿಸಿದವರಿಗೆ ಇನ್ನೂ ಯಾರೂ ಏನೂ ಕೊಟ್ಟಿಲ್ಲ!”