ಹಾಲೇಶಿ ಕಾಗದ ಬಿಡಿಸಿಕೊಂಡು ಬಂದದ್ದು

"ಸಾಕವ್ವ ಮಂಡಕ್ಕಿ ಭಟ್ಟಿ ನಡೆಸೋದಾ? ಆಗೋ ಮಾತಲ್ಲ ಬಿಡ್ರಿ" ಅಂದವರು ಮೂವರು. ಮೊದಲು ನನ್ನ ಮೈದುನ. ಆಮೇಲೆ ಗಿರಣಿ ಗುಮಾಸ್ತ. ಮೂರನೆಯವನು ಮುರಿಗೆಪ್ಪ ಸಾವ್ಕಾರ. ಅವನು ಹಾಗೆ ಅಂದುಕೊಂಡೇ ನನಗೆ ನಲವತ್ತು ಸಾವಿರ ಸಾಲ ಕೊಟ್ಟ. ಈಕೆ ಮುಳುಗಿದರೆ ಭಟ್ಟಿ ಜಾಗ ತನಗಾಯಿತು ಅನ್ನೋದು ಅವನ ಲೆಕ್ಕ. ಎರಡು ಕಾಗದ ಇಟ್ಟುಕೊಂಡ. ಒಂದು ಭಟ್ಟಿ ಜಾಗದ ಹಕ್ಕುಪತ್ರ. ಇನ್ನೊಂದು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ ಖಾಲಿ ಬಾಂಡ್ ಪೇಪರು. ಆಗ ನನಗೆ ಓದು ಬರುತ್ತಿರಲಿಲ್ಲ. ಮಂಡಕ್ಕಿ ಕಟ್ಟುವ ಹಳೇ ಪೇಪರಿನಲ್ಲಿ ಒಂದೊಂದೇ ಅಕ್ಷರ ಹೆಕ್ಕಿ ಕಲಿತದ್ದು ಆಮೇಲೆ.

ವಾರಕ್ಕೆ ಸಾವಿರ, ಐವತ್ತು ಸೋಮವಾರ. ಅದು ಮಾತು. ಕಟ್ಟಿ ಬಂದಾಗಲೆಲ್ಲ ಭಟ್ಟಿ ಗೋಡೆಗೆ ಇದ್ದಲಿನಲ್ಲಿ ಒಂದು ಗೀಟು ಎಳೆದೆ. ಗೋಡೆಯಲ್ಲಿ ಐವತ್ತು ಗೀಟಾಯಿತು. ಸಾವ್ಕಾರನ ಪುಸ್ತಕದಲ್ಲಿ ನಲವತ್ತೇ! ಜಗಳ ಬೇಡ ಅಂತ ಇನ್ನೂ ಐದು ವಾರ ಕಟ್ಟಿದೆ. ಪುಸ್ತಕ ಆಗಲೂ ನಲವತ್ತೇ!

"ನಿನ್ನ ಹೊಸ್ತಿಲು ಇನ್ನು ತುಳಿದರೆ ನಾನು ಸಾಕವ್ವನೇ ಅಲ್ಲ!" ಅಂತ ಬೀದಿಯಲ್ಲಿ ನಿಂತು ಕೂಗಿ ಬಂದೆ. ಕೂಗಿ ಬಂದ ಮೇಲೆ ಅಲ್ಲಿಗೆ ಕಳಿಸೋಕೆ ಮನೆಯಲ್ಲಿ ಉಳಿದವನು ಒಬ್ಬನೇ. ನನ್ನ ಮಗ ಹಾಲೇಶಿ.

ಹಾಲೇಶಿ ಅಂದರೆ ಏನಂತ ಹೇಳಲಿ! ಆಳೆತ್ತರ ಬೆಳೆದಿದ್ದ. ಎರಡು ಚೀಲ ಒಟ್ಟಿಗೆ ಹೊರುತ್ತಿದ್ದ. ಸುಳ್ಳು ಗೊತ್ತಿಲ್ಲ, ಕಳವು ಗೊತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಬಾಗಿಲು ನೋಡ್ತಾ ಇರು" ಅಂದು ನೀರಿಗೆ ಹೋದರೆ, ಹಿಂದಿನ ಗೋಡೆ ಹಾರಿ ಬಂದ ಕೋತಿ ಅರ್ಧ ಚೀಲ ಮಂಡಕ್ಕಿ ತಿಂದರೂ ಇವನು ಬಾಗಿಲನ್ನೇ ನೋಡುತ್ತಾ ನಿಂತಿರುತ್ತಿದ್ದ.

"ಹಾಲೇಶಿ, ಸಾವ್ಕಾರನ ಅಂಗಡಿಗೆ ಹೋಗು. ಕಾಗದ ಕೊಡ್ರಿ ಅನ್ನು. ಕಾಗದ ಇಲ್ಲದೆ ಬರಿಗೈಲಿ ಬಂದೀಯಾ, ಜೋಕೆ!"

"ಆಗಲಿ ಯವ್ವಾ."

ಹೋದ. ಸಿಳ್ಳೆ ಹಾಕುತ್ತಾ ಬಂದ. ಕೈಯಲ್ಲಿ ಸುರುಳಿ ಸುತ್ತಿದ ಕಾಗದ! ಕಿತ್ತುಕೊಂಡೆ. ಬಿಚ್ಚಿ ನೋಡಿದರೆ ಹೋದ ವರ್ಷದ ಕ್ಯಾಲೆಂಡರು.

"ಇದೇನಲೇ?"

"ಕಾಗದ! ಕೇಳಿದೆ, ಅವರು ನಕ್ಕರು, ಗೋಡೆಯಿಂದ ತೆಗೆದು ಕೊಟ್ಟರು. ನೀನು ಹೇಳಿದ್ದನ್ನೇ ಮಾಡಿದೆ ಯವ್ವಾ!"

"ಹೇಳಿದ್ದನ್ನೇ ಮಾಡಿದೆ, ಅದಕ್ಕೇ ಹಾಳಾಯಿತು! ಏಳನೇ ಕ್ಲಾಸು ಮೂರು ವರ್ಷ ಓದಿದವನಲ್ಲವಾ ನೀನು? ಇನ್ನು ಮೇಲೆ ಯಾವ ಕಾಗದವನ್ನೂ ಮೊದಲಿಂದ ಕೊನೇವರೆಗೆ ಓದದೆ ಬಿಡಬೇಡ!"

"ಆಗಲಿ ಯವ್ವಾ."

ಮಾರನೇ ದಿನ ಸೈಕಲ್ಲಿನ ಮೇಲೆ ಎರಡು ಚೀಲ ಮಂಡಕ್ಕಿ ಹೇರಿಕೊಂಡು ಹೊರಟ. ಸಾವ್ಕಾರ ತಾನಾಗಿಯೇ ಕರೆದ.

"ಬಾರಪ್ಪಾ ಹಾಲೇಶಪ್ಪಾ! ಬೋಂಡಾ ತಿನ್ನು. ನಿಮ್ಮವ್ವನ ಸಾಲ ಪೂರಾ ಮನ್ನಾ ಮಾಡೀನಿ. ಇಲ್ಲೊಂದು ಸೈ ಹಾಕಿಬಿಡು."

ಸಾಲ ಮನ್ನಾ ಮಾಡೋ ಸಾವ್ಕಾರ! ಬೆಕ್ಕು ಇಲಿಗೆ ಹಾಲು ಕುಡಿಸಿತಂತೆ. ಆದರೆ ನನ್ನ ಮಗನಿಗೆ ಅನುಮಾನ ಅನ್ನೋದು ಹುಟ್ಟಿದಾಗಿನಿಂದ ಬಂದಿಲ್ಲ. ಅವನು ಕಾಗದ ಎತ್ತಿ ಓದೋಕೆ ಶುರು ಮಾಡಿದ, ಸ್ಕೂಲಿನಲ್ಲಿ ಮೇಷ್ಟ್ರ ಮುಂದೆ ಓದಿದ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ.

"ಈ... ದಿ...ವ...ಸ..."

"ಅದೆಲ್ಲ ಯಾಕೋ? ಕೆಳಗೆ ಸೈ ಹಾಕು!"

"ಕೊನೇವರೆಗೆ ಓದಬೇಕ್ರಿ!"

ಪಂಕ್ಚರ್ ಹಾಕುವವನು ಬಂದು ನಿಂತ. ಹೂವಿನ ಗಂಗವ್ವ ಬಂದು ನಿಂತಳು.

"ಮಂ...ಡ...ಕ್ಕಿ... ಭ...ಟ್ಟಿ... ಜಾ...ಗ... ಮಾ...ರಾ...ಟ..."

"ಯಾರ ಭಟ್ಟಿ ಮಾರಾಟಲೇ ಹುಡುಗಾ?" ಅಂದಳು ಗಂಗವ್ವ.

ಸಾವ್ಕಾರ ಕಾಗದ ಕಿತ್ತುಕೊಂಡ. ನನ್ನ ಹೆಬ್ಬೆಟ್ಟಿನ ಬಾಂಡ್ ಪೇಪರೇ ಅದು! ಮೇಲೆ ಮಾರಾಟ ಅಂತ ಬರೆಸಿಬಿಟ್ಟಿದ್ದ. ಮನೆ ಮಗನ ಸೈ ಒಂದು ಬಾಕಿ. ಹಾಲೇಶಿಯೋ, ಆ ಕಾಗದ ಹೋಯಿತೆಂದು ಬೋಂಡಾ ಕಟ್ಟಿದ ಪೇಪರ್ ಎತ್ತಿಕೊಂಡು ಅದನ್ನೂ ಮೊದಲಿಂದ ಕೊನೇವರೆಗೆ ಓದಿದ. ಬೋಂಡಾ ಆರಿತು. ಅಷ್ಟರಲ್ಲಿ ಸೈಕಲ್ಲು ಖಾಲಿ.

"ಸೈ ಹಾಕಿದೆಯಾ?" ಅಂದೆ, ಅವನು ಮನೆಗೆ ಬಂದು ಮಾರಾಟದ ಕಾಗದದ ಸುದ್ದಿ ಹೇಳಿದಾಗ.

"ಇಲ್ಲ ಯವ್ವಾ, ಓದಿ ಮುಗಿದಿರಲಿಲ್ಲ."

"ಶಭಾಷ್! ಚೀಲ ಎಲ್ಲಿ?"

"ಬಡ್ಡಿಗೆ ಅಂತ ಇಳಿಸಿಕೊಂಡರು. ನಾನು ಬೋಂಡಾದ ಪೇಪರ್ ಓದ್ತಿದ್ದೆ. ನೀನು ಹೇಳಿದ್ದನ್ನೇ ಮಾಡಿದೆ!"

"ಹೇಳಿದ್ದನ್ನೇ ಮಾಡಿದೆ, ಅದಕ್ಕೇ ಹಾಳಾಯಿತು! ಹೋಗು, ರಸೀದಿ ತಾ! ಆ ಮನುಷ್ಯನಿಗೆ ನೀನು ಏನೇ ಕೊಟ್ಟರೂ ರಸೀದಿ ಬರೆಸಿಕೋ. ಕೊಡದಿದ್ದರೆ ಕೊಟ್ಟದ್ದನ್ನ ವಾಪಸ್ ತಗೋ!"

"ಆಗಲಿ ಯವ್ವಾ."

ಹೋದ. ಕೈ ಮುಗಿದ. "ನಮಸ್ಕಾರ ಕೊಟ್ಟೀನ್ರಿ, ರಸೀದಿ ಕೊಡ್ರಿ."

ಸಾವ್ಕಾರ ನಕ್ಕ. "ಬಿಸಿಲು ಜಾಸ್ತಿ ಆತೇನಲೇ? ಆ ಚೊಂಬಿನ ನೀರು ಕೊಡು."

ಕೊಟ್ಟ. ಸಾವ್ಕಾರ ಗಟಗಟ ಕುಡಿದ.

"ನೀರಿಗೂ ರಸೀದಿ ಕೊಡ್ರಿ."

ಈಗ ಸಾವ್ಕಾರ ನಗಲಿಲ್ಲ. "ಇದನ್ನ ನಿನಗೆ ಯಾವ ವಕೀಲ ಹೇಳಿಕೊಟ್ಟ?"

"ವಕೀಲ ಅಲ್ರಿ, ನಮ್ಮವ್ವ."

"ಅವಳಿಗೆ ಯಾರು ಹೇಳಿದರು?"

"ಯಾರೂ ಇಲ್ಲ. ಅವಳೇ ಓದ್ತಾಳೆ."

"ಓದ್ತಾಳಾ! ಏನು ಓದ್ತಾಳೆ?"

"ಪೊಟ್ಟಣ."

ಅದು ಯಾವ ಕಾನೂನು ಪುಸ್ತಕವೋ ಅಂತ ಸಾವ್ಕಾರನ ಹಣೆ ಬೆವೆತಿತು. "ರಸೀದಿ ಇಲ್ಲ! ಎದ್ದು ನಡಿ!"

"ಹಂಗಾದ್ರೆ ನೀರು ವಾಪಸ್ ಕೊಡ್ರಿ."

"ಕುಡಿದ ನೀರು ಹೆಂಗಲೇ ಕೊಡ್ಲಿ?"

ಹಾಲೇಶಿ ಎದ್ದು ಅವನ ಬೆನ್ನಿಗೆ ಗುದ್ದಿದ, ಮಗುವಿಗೆ ಗಂಟಲಲ್ಲಿ ಸಿಕ್ಕಿಕೊಂಡಾಗ ಗುದ್ದುವ ಹಾಗೆ. ನೀರು ಬರಲಿಲ್ಲ. ಇನ್ನೊಂದು ಗುದ್ದಿದ. ಸಾವ್ಕಾರ ಬೀದಿಗೆ ಓಡಿದ.

"ಚೀಲಕ್ಕೆ ರಸೀದಿ ಎಲ್ಲಿ?" ಅಂದೆ ನಾನು.

"ಚೀಲ ನಾನು ಕೊಟ್ಟಿಲ್ಲವಲ್ಲ ಯವ್ವಾ, ಅವರೇ ಇಳಿಸಿಕೊಂಡರು. ನೀರು ಮಾತ್ರ ನಾನು ಕೊಟ್ಟದ್ದು. ನೀನು ಹೇಳಿದ್ದನ್ನೇ ಮಾಡಿದೆ!"

"ಹೇಳಿದ್ದನ್ನೇ ಮಾಡಿದೆ, ಅದಕ್ಕೇ ಹಾಳಾಯಿತು! ಹೊಡೆದ ಅಂತ ಅವನು ಸ್ಟೇಷನ್ನಿಗೆ ಹೋದರೆ ನಿನ್ನ ಪರ ಹೇಳೋರು ಯಾರು? ಇನ್ನು ಮೇಲೆ ಇಬ್ಬರು ಸಾಕ್ಷಿ ಇಲ್ಲದೆ ಆ ಮನುಷ್ಯನ ಹತ್ತಿರ ತುಟಿ ಬಿಚ್ಚಬೇಡ!"

"ಆಗಲಿ ಯವ್ವಾ."

ಮಾರನೇ ಬೆಳಿಗ್ಗೆ ಹೋಗಿ ಸಾವ್ಕಾರನ ಎದುರಿನ ಬೆಂಚಿನಲ್ಲಿ ಕೂತ. ಸುಮ್ಮನೆ.

"ಮತ್ತೆ ಯಾಕೋ ಬಂದೆ?"

ಇವನು ಸುಮ್ಮನೆ.

"ಹೋಗೋ!"

ಸುಮ್ಮನೆ.

"ಜೇಬಲ್ಲಿ ಫೋನ್ ಇಟ್ಕೊಂಡು ನನ್ನ ಮಾತು ರೆಕಾರ್ಡ್ ಮಾಡ್ತಿದ್ದೀಯಾ? ಮಾಡ್ಕೋ! ನಾನು ಯಾರಿಗೂ ಮೋಸ ಮಾಡಿಲ್ಲ! ನಿಮ್ಮವ್ವಂದು ಐವತ್ತು ಕಂತು ಅಂತ ನನಗೂ ಗೊತ್ತು, ಆದರೆ ಪುಸ್ತಕದಲ್ಲಿ..." ಅಂದವನು ನಾಲಿಗೆ ಕಚ್ಚಿಕೊಂಡ. ಹಾಲೇಶಿಯ ಜೇಬಿನಲ್ಲಿದ್ದದ್ದು ಹಿಡಿ ಮಂಡಕ್ಕಿ.

ಅದೇ ಹೊತ್ತಿಗೆ ಹರಿಹರದಿಂದ ಬೀಗರು ಬಂದು ಇಳಿದರು. ಸಾವ್ಕಾರನ ಮಗಳಿಗೆ ಗಂಡು ಗೊತ್ತಾಗಿತ್ತು; ನಿಶ್ಚಯದ ದಿನ ಮಾತಾಡೋಕೆ ಗಂಡಿನ ತಂದೆ, ದೊಡ್ಡಪ್ಪ ಬಂದಿದ್ದರು. ಹಾಲೇಶಿ ಬೆರಳು ಮಡಚಿದ. ಒಂದು. ಎರಡು.

"ಸಾಕ್ಷಿ ಬಂದರು!" ಅಂತ ಎದ್ದು ನಿಂತ. "ಸಾವ್ಕಾರ್ರೇ, ಐವತ್ತು ಕಂತು ಅಂತ ಈಗಿನ್ನೂ ನೀವೇ ಅಂದಿರಿ. ನಮ್ಮ ಗೋಡೇಲಿ ಐವತ್ತೈದು ಗೀಟು ಅದಾವೆ. ನಮ್ಮ ಕಾಗದ ಕೊಡ್ರಿ!"

ಗಂಡಿನ ದೊಡ್ಡಪ್ಪ ಸಾವ್ಕಾರನ ಮುಖ ನೋಡಿದ. "ಏನ್ರಿ ಮುರಿಗೆಪ್ನೋರೇ, ಏನಿದು?"

"ಏನಿಲ್ರಿ, ಏನಿಲ್ರಿ! ನಮ್ಮ ಹುಡುಗನೇ ಇವನು!"

"ಐವತ್ತಕ್ಕೆ ಐವತ್ತೈದು ತಗೊಂಡೀರಾ?"

"ನಾಳೆ ಬೆಳಿಗ್ಗೆ ಎಲ್ಲಾ ಕೊಟ್ಟುಬಿಡ್ತೀನ್ರಿ, ನಿಮ್ಮೆದುರೇ!"

ಹಾಲೇಶಿ ಕುಣಿಯುತ್ತಾ ಬಂದ. "ಯವ್ವಾ, ನಾಳೆ ಕಾಗದ ಕೊಡ್ತಾರಂತೆ!"

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಐವತ್ತೈದು ವಾರ ಕಟ್ಟಿಸಿಕೊಂಡೂ ಕೊಡದವನು ಒಂದೇ ದಿನಕ್ಕೆ ಕೊಡ್ತಾನಾ? ಅದರಲ್ಲಿ ಏನು ಬರೆದು ಕೊಡ್ತಾನೋ, ದಾರಿಯಲ್ಲಿ ಯಾರನ್ನು ಛೂ ಬಿಟ್ಟು ಕಿತ್ತುಕೊಳ್ತಾನೋ! ನನ್ನ ಕಣ್ಣ ಮುಂದೆ ಇದ್ದದ್ದು ಆ ಹೆಬ್ಬೆಟ್ಟಿನ ಕಾಗದ ಒಂದೇ.

"ಪೆದ್ದೇ, ನಾಳೆ ಅಂದರೆ ನಂಬಿ ಬಂದೆಯಾ? ಕೇಳಿಲ್ಲಿ. ಅವನ ಕೈಯಿಂದ ಬಂದ ಕಾಗದ ಒಂದು ಚೂರೂ ಉಳಿಯಕೂಡದು! ಯಾರಿಗೂ ತೋರಿಸಬೇಡ, ಎಲ್ಲೂ ನಿಲ್ಲಬೇಡ. ನೆಟ್ಟಗೆ ತಂದು ಭಟ್ಟಿ ಬೆಂಕಿಗೆ ಹಾಕು. ಬೂದಿ ಆಗೋವರೆಗೆ ನೋಡು!"

"ಆಗಲಿ ಯವ್ವಾ."

ಮಾರನೇ ದಿನ ನಾನು ಗಿರಣಿಯಿಂದ ಬರೋ ಹೊತ್ತಿಗೆ ಹಾಲೇಶಿ ಭಟ್ಟಿ ಬಾಯಿ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಕೋಲು. ಮುಖವೆಲ್ಲ ಮಸಿ.

"ಯವ್ವಾ, ಹೆಬ್ಬೆಟ್ಟಿನ ಕಾಗದ ಬೂದಿ!"

ನಾನು ಅವನ ತಲೆ ಹಿಡಿದು ಎದೆಗೆ ಒತ್ತಿಕೊಂಡೆ. "ನನ್ನಪ್ಪಾ! ನನ್ನ ಬಂಗಾರಾ! ಜಗತ್ತಿನಲ್ಲಿ ನಿನ್ನಂಥ ಜಾಣ ಇಲ್ಲ!"

"ಇನ್ನೊಂದಿತ್ತು ಯವ್ವಾ. ಹಳೇದು. ಮೂಲೇಲಿ ಸರ್ಕಾರದ ಸೀಲು."

"ಹಕ್ಕುಪತ್ರ! ಎಲ್ಲಿ? ಕೊಡು!"

"ಅದೇ ಮೊದಲು ಹತ್ತಿಕೊಂಡದ್ದು."

ನಾನು ನೆಲದಲ್ಲಿ ಕೂತೆ.

"ಆಮೇಲೆ ಸಣ್ಣವು ಹತ್ತು ಇದ್ದವು" ಅಂದ. "ಹೆಚ್ಚಿಗೆ ಬಂದಿತ್ತು ಅಂತ ಬೀಗರ ಮುಂದೆ ಎಣಿಸಿ ಕೊಟ್ಟರು. ಐನೂರು, ಐನೂರು ಅಂತ ಬರೆದಿತ್ತು."

"ಲೇ, ಅವು ನೋಟು! ಐದು ಸಾವಿರ ರೂಪಾಯಿ!"

"ನೋಟಾದರೇನು, ಅವರ ಕೈಯಿಂದ ಬಂದ ಕಾಗದವೇ ಅಲ್ಲವಾ? ಒಂಬತ್ತು ಭರ್ ಅಂತ ಹತ್ತಿದವು. ಒಂದು ಮಾತ್ರ ಒದ್ದೆಯಾಗಿತ್ತು ಯವ್ವಾ, ಉರಿಯಲೇ ಇಲ್ಲ!"

"ಅದೆಲ್ಲಿ? ಅದನ್ನಾದರೂ ಕೊಡು!"

"ಊದುಗೊಳವೆ ತಂದು ಊದಿದೆ. ಈಗಷ್ಟೇ ಹತ್ತಿತು. ನೋಡು, ನೋಡು, ಎಷ್ಟು ಚೆನ್ನಾಗಿ ಉರೀತಿದೆ!"

ಭಟ್ಟಿ ಈಗ ನನ್ನದು. ಜಾಗವೂ ನನ್ನದು, ಹಕ್ಕುಪತ್ರದ ನಕಲು ನನ್ನ ಟ್ರಂಕಿನಲ್ಲಿದೆ, ಅರ್ಜಿ ಬರೆದದ್ದು ನಾನೇ. ಯಾರಿಗೂ ಒಂದು ಪೈಸೆ ಬಾಕಿಯಿಲ್ಲ. ಇಷ್ಟಕ್ಕೆ ಬಿದ್ದದ್ದು ಐವತ್ತೈದು ಸಾವಿರ, ಎರಡು ಚೀಲ ಮಂಡಕ್ಕಿ, ಮತ್ತೆ ಎರಡು ವರ್ಷದಲ್ಲಿ ಇಪ್ಪತ್ತಾರು ಸಲ ತಾಲ್ಲೂಕು ಕಚೇರಿ. ಇಪ್ಪತ್ತಾರು ಸಲವೂ ನಾನೇ ಹೋದೆ.